ತಡೆಗೋಡೆಯ ಬೆನ್ನಿಗೆ ನೀರು ನಿಲ್ಲಬಾರದು: ಶೇಡಿ ಮಣ್ಣಿನ ಊರಿನವರಿಗೊಂದು ಮಾರ್ಗದರ್ಶಿ

ನಮ್ಮ ಮನೆಯ ಹಿಂದಿನ ತಡೆಗೋಡೆ ಬಿದ್ದದ್ದು ಪುಷ್ಯ ಮಳೆಯ ಒಂದು ರಾತ್ರಿ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಐದೂವರೆ ಅಡಿ ಎತ್ತರ, ನಲವತ್ತು ಅಡಿ ಉದ್ದ. ಕಟ್ಟಿದ ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಎರಡನೇ ವರ್ಷ ನಡುಭಾಗದಲ್ಲಿ ಸ್ವಲ್ಪ ಹೊಟ್ಟೆ ಬಂದ ಹಾಗೆ ಕಂಡಿತು, ಬಿರುಕಿಗೆ ಸಿಮೆಂಟ್ ಮೆತ್ತಿಸಿದೆವು. ಮೂರನೇ ವರ್ಷ ಮೇಲಿದ್ದ ದಾಸವಾಳದ ಗಿಡಗಳ ಸಮೇತ ಅಂಗಳಕ್ಕೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ಬೆಳಿಗ್ಗೆ ಕಲ್ಲು ಸರಿಸಿ ನೋಡಿದರೆ ನೀರು ಹೋಗಲೆಂದು ಇಟ್ಟಿದ್ದ ಆರೂ ಪೈಪುಗಳು ಇದ್ದ ಹಾಗೇ ಇದ್ದವು. ಒಂದೊಂದರ ಹಿಂಬಾಯಿಗೂ ಶೇಡಿ ಮಣ್ಣು (ಜಂಬಿಟ್ಟಿಗೆಯ ಕೆಳಗೆ ಸಿಗುವ ನಯವಾದ ಮಣ್ಣು) ಬೆಣ್ಣೆಯ ಹಾಗೆ ಮೆತ್ತಿಕೊಂಡಿತ್ತು. ಮೂರು ವರ್ಷದಲ್ಲಿ ಆ ಪೈಪುಗಳಿಂದ ಒಂದು ಚೊಂಬು ನೀರೂ ಬಂದಿರಲಿಲ್ಲ ಎನ್ನುವುದು ಆಗ ನೆನಪಾಯಿತು. ನೀರು ಬರುತ್ತಿಲ್ಲವೆಂದರೆ ಒಳಗೆ ನೀರಿಲ್ಲ ಎಂದು ನಾವು ತಿಳಿದಿದ್ದೆವು. ಒದ್ದೆ ಧರೆಯ (ಕಡಿದ ಮಣ್ಣಿನ ದಿಬ್ಬದ) ಮುಂದೆ ಒಣಗಿ ನಿಂತ ಪೈಪು ಅಪಾಯದ ಗುರುತು.

ಆ ಗೋಡೆಯನ್ನು ಮತ್ತೆ ಕಟ್ಟುವಾಗ ಕಲಿತದ್ದು, ಆಮೇಲೆ ನೆಂಟರ, ಅಕ್ಕಪಕ್ಕದವರ ಮನೆಗಳಲ್ಲಿ ನಿಂತು ಮಾಡಿಸಿದ್ದು ಇಲ್ಲಿದೆ. ಮಲೆನಾಡು, ಕೊಡಗು, ಕರಾವಳಿಯ ಜಂಬಿಟ್ಟಿಗೆ-ಶೇಡಿ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬಯಲುಸೀಮೆಯ ಎರೆಮಣ್ಣಿಗೆ ಬೇರೆಯಾಗಿ ಮಾಡಬೇಕಾದ್ದನ್ನು ಮಧ್ಯೆ ಹೇಳಿದ್ದೇನೆ.

ಗೋಡೆಯನ್ನು ನೂಕುವುದು ಏನು

ತಡೆಗೋಡೆ ಮಣ್ಣನ್ನು ತಡೆಯಲು ಎಂದುಕೊಂಡೇ ಎಲ್ಲರೂ ಕಟ್ಟುತ್ತಾರೆ. ಒಣ ಮಣ್ಣು ಅಷ್ಟು ಜೋರಾಗಿ ನೂಕುವುದಿಲ್ಲ. ಬೇಸಿಗೆಯಲ್ಲಿ ಜೆಸಿಬಿಯಿಂದ ನೆಟ್ಟಗೆ ಕಡಿದ ಧರೆ ಗೋಡೆಯಿಲ್ಲದೆಯೂ ತಿಂಗಳುಗಟ್ಟಲೆ ನಿಲ್ಲುವುದನ್ನು ನೀವೇ ನೋಡಿರುತ್ತೀರಿ. ಅದೇ ಧರೆಯೊಳಗೆ ನೀರು ತುಂಬಿದಾಗ ಲೆಕ್ಕ ಬದಲಾಗುತ್ತದೆ. ಮಣ್ಣು ಭಾರವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ಇದರ ಜೊತೆಗೆ ಒಳಗೆ ನಿಂತ ನೀರು ತನ್ನದೇ ಒತ್ತಡವನ್ನು ಸೇರಿಸುತ್ತದೆ.

ಆ ಒತ್ತಡದ ಲೆಕ್ಕ ಸುಲಭ. ನಿಂತ ನೀರಿನ ಎತ್ತರವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 500ರಿಂದ ಮತ್ತೊಮ್ಮೆ ಗುಣಿಸಿದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಎಷ್ಟು ಕಿಲೋ ಬೀಳುತ್ತದೆ ಎಂದು ಸಿಗುತ್ತದೆ. 1 ಮೀಟರ್ ನೀರಿಗೆ 500 ಕಿಲೋ, 2 ಮೀಟರ್ ನೀರಿಗೆ 2,000 ಕಿಲೋ. ಎತ್ತರ ಎರಡರಷ್ಟಾದರೆ ನೂಕು ನಾಲ್ಕರಷ್ಟು, ಗೋಡೆಯನ್ನು ಬುಡದಿಂದ ಮಗುಚುವ ಬಲ ಎಂಟರಷ್ಟು. ನಮ್ಮ ನಲವತ್ತು ಅಡಿಯ ಗೋಡೆಯ ಹಿಂದೆ ತುದಿಯವರೆಗೆ ನೀರು ನಿಂತಿದ್ದರೆ ನೀರೊಂದೇ ಸುಮಾರು 17 ಟನ್ ನೂಕುತ್ತಿತ್ತು, ಮಣ್ಣಿನದು ಬೇರೆ. ಒಂಬತ್ತು ಇಂಚಿನ ಕಲ್ಲುಗೋಡೆಗೆ ಅದನ್ನು ಹೊರುವ ಶಕ್ತಿ ಎಲ್ಲಿಂದ ಬರಬೇಕು?

ಮರಳುಮಣ್ಣಿನ ಊರಿನಲ್ಲಾದರೆ ನೀರು ತಾನಾಗಿಯೇ ಇಳಿದುಹೋಗುತ್ತದೆ. ಜೇಡಿಯಲ್ಲಿ ಹಾಗಲ್ಲ. ಜಲ್ಲಿಯೊಳಗೆ ನೀರು ಹರಿಯುವ ವೇಗಕ್ಕೆ ಹೋಲಿಸಿದರೆ ಜೇಡಿಯೊಳಗಿನ ವೇಗ ಲಕ್ಷದ ಒಂದು ಪಾಲೂ ಇಲ್ಲ. ಕುಡಿಯುವಾಗ ನಿಧಾನ, ಬಿಟ್ಟುಕೊಡುವಾಗ ಇನ್ನೂ ನಿಧಾನ. ಮಳೆ ನಿಂತು ವಾರ ಕಳೆದ ಮೇಲೂ ಧರೆ ಕುಸಿಯುವುದು ಇದೇ ಕಾರಣಕ್ಕೆ.

ಮೇಲೆ ಜಂಬಿಟ್ಟಿಗೆ, ಕೆಳಗೆ ಶೇಡಿ

ನಮ್ಮ ಕಡೆಯ ನೆಲದ ಗುಟ್ಟು ಇಲ್ಲಿದೆ. ಮೇಲ್ಪದರ ಕೆಂಪು ಮಣ್ಣು ಮತ್ತು ಜಂಬಿಟ್ಟಿಗೆ, ಮೈತುಂಬ ತೂತು, ನೀರನ್ನು ಸರಾಗವಾಗಿ ಕೆಳಕ್ಕೆ ಬಿಡುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ. ಅದು ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಹಾಗಾಗಿ ಮೇಲಿನಿಂದ ಇಳಿದ ನೀರು ಎರಡರ ನಡುವಿನ ಗೆರೆಯಲ್ಲಿ ಅಡ್ಡಕ್ಕೆ ಹರಿಯುತ್ತದೆ. ಗುಡ್ಡದ ಬುಡದಲ್ಲಿ ಒರತೆ ಸಿಗುವುದು ಈ ಗೆರೆಯಿಂದಲೇ. ನಾವು ಮನೆ ಕಟ್ಟಲು ಧರೆ ಕಡಿದಾಗ ಆ ಗೆರೆಯನ್ನು ನಮ್ಮ ಅಂಗಳಕ್ಕೇ ಬಾಯಿ ತೆರೆಸಿರುತ್ತೇವೆ. ಆಷಾಢ ಬಂದಾಗ ಅಲ್ಲಿ ಜಲ ಏಳುತ್ತದೆ.

ಶೇಡಿ ಒಣಗಿದ್ದಾಗ ಹಾರೆಗೂ ಜಗ್ಗದಷ್ಟು ಗಟ್ಟಿ, ನೆನೆದರೆ ಹಿಟ್ಟು. ಬೇಸಿಗೆಯಲ್ಲಿ ಅದರ ಗಟ್ಟಿತನ ನೋಡಿ ಗೋಡೆಯ ದಪ್ಪ ತೀರ್ಮಾನಿಸಿದವರು ಬಹಳ ಜನ, ನಾವೂ ಅವರಲ್ಲೇ ಸೇರಿದ್ದೆವು.

ನಿಮ್ಮಲ್ಲಿ ಯಾವ ಮಣ್ಣಿದೆ ಎಂದು ನೋಡಲು ಲ್ಯಾಬ್ ಬೇಕಾಗಿಲ್ಲ. ಒಂದು ಹಿಡಿ ಮಣ್ಣು ನೆನೆಸಿ ಹೆಬ್ಬೆರಳು-ತೋರುಬೆರಳಿನ ನಡುವೆ ಪಟ್ಟಿಯ ಹಾಗೆ ಒತ್ತುತ್ತಾ ಹೋಗಿ. ತುಂಡಾಗದೆ ಎರಡು ಇಂಚು ಉದ್ದ ಬಂದರೆ ಜೇಡಿ. ರೇಷ್ಮೆಯಂತೆ ನಯವಾಗಿದ್ದು ಬೇಗ ತುಂಡಾದರೆ ಶೇಡಿಯಂಥ ಸಣ್ಣ ಪುಡಿಮಣ್ಣು. ಇದಕ್ಕೆ ಸೋಸುವ ಪದರ ಹೆಚ್ಚು ಜೋಪಾನವಾಗಿ ಬೇಕು, ಮುಂದೆ ಹೇಳುತ್ತೇನೆ. ಇನ್ನೊಂದು ಪರೀಕ್ಷೆ: ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಮರುದಿನ ಬೆಳಿಗ್ಗೆ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿದ್ದರೆ ಈ ಲೇಖನ ನಿಮಗಾಗಿಯೇ.

ಹೆಜ್ಜೆ 1: ಒಂದು ಮಳೆಗಾಲ ನೋಡಿ, ಬೇಸಿಗೆಯಲ್ಲಿ ಕಟ್ಟಿ

ಅವಸರವಿಲ್ಲದಿದ್ದರೆ ಜುಲೈ-ಆಗಸ್ಟಿನಲ್ಲಿ ಕೊಡೆ ಹಿಡಿದು ಧರೆಯ ಮುಂದೆ ನಿಲ್ಲಿ. ಜಲ ಎಲ್ಲಿ ಬರುತ್ತದೆ, ಯಾವ ಎತ್ತರದಲ್ಲಿ, ಮಳೆ ನಿಂತ ಎಷ್ಟು ದಿನದವರೆಗೆ? ಪ್ರತಿ ಜಾಗಕ್ಕೂ ಒಂದು ಗೂಟ ಹೊಡೆದು ಫೋಟೊ ತೆಗೆದಿಡಿ. ಬೇಸಿಗೆಯಲ್ಲಿ ಬರುವ ಮೇಸ್ತ್ರಿಗೆ ಧರೆ ಒಣಗಿಯೇ ಕಾಣುವುದರಿಂದ ಈ ಗೂಟಗಳೇ ಅವರಿಗೆ ನಕ್ಷೆ. ಆ ಗೆರೆಯ ಎತ್ತರದವರೆಗೆ, ಅದಕ್ಕಿಂತ ಮೇಲಕ್ಕೂ ಗೋಡೆಯ ಹಿಂದೆ ತುಂಬುವ ಜಲ್ಲಿಯ ಪದರ ಏರಲೇಬೇಕು.

ಮೇಲಿನಿಂದ ಏನೇನು ಬರುತ್ತದೆ ಎಂದೂ ನೋಡಿ. ಗುಡ್ಡದ ನೀರು ಒಂದು ಕಡೆ, ನಾವೇ ಬಿಡುವ ನೀರು ಇನ್ನೊಂದು ಕಡೆ. 100 ಚದರ ಮೀಟರಿನ ಮಾಡಿನ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಆಗುಂಬೆಯಲ್ಲಂತೂ 100 ಮಿ.ಮೀ. ದಿನ ಅಪರೂಪವಲ್ಲ. ಆ ಮಾಡಿನ ನೀರು, ಬಚ್ಚಲ ನೀರು, ಶೌಚದ ಗುಂಡಿ, ತೋಟದ ಸ್ಪ್ರಿಂಕ್ಲರ್ ಇವೆಲ್ಲ ಗೋಡೆಯ ಮೇಲ್ಭಾಗದಲ್ಲಿದ್ದರೆ ಮೊದಲು ಅವುಗಳ ದಾರಿ ತಪ್ಪಿಸಿ. ಇದಕ್ಕೆ ತಗಲುವುದು ಒಂದಿಷ್ಟು ಪೈಪು, ಎರಡು ದಿನದ ಕೂಲಿ.

ಇಂಗುಗುಂಡಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೀರು ಇಂಗಿಸಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡಿದ ಧರೆಯ ನೆತ್ತಿಯ ಮೇಲೆ ಇಂಗುಗುಂಡಿ ತೋಡಬೇಡಿ. ಅಲ್ಲಿ ಇಂಗಿದ ನೀರು ಬಾವಿಗೆ ಹೋಗುವ ಮೊದಲು ನಿಮ್ಮ ಗೋಡೆಯ ಬೆನ್ನಿಗೆ ಬರುತ್ತದೆ. ಗೋಡೆಯಿಂದ ಕೆಳಗೆ, ಮನೆಯಿಂದ ದೂರ ಎಷ್ಟು ಬೇಕಾದರೂ ತೋಡಿ.

ಕೆಲಸವನ್ನು ಸಂಕ್ರಾಂತಿ ಕಳೆದು ಶುರು ಮಾಡಿ, ರೋಹಿಣಿ ಮಳೆಯೊಳಗೆ ಮೇಲ್ಗಾಲುವೆಯ (ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ) ಸಮೇತ ಮುಗಿಸಿ. ಕಡಿದ ಧರೆಯನ್ನು ಗೋಡೆಯಿಲ್ಲದೆ ಮಳೆಗಾಲಕ್ಕೆ ಒಡ್ಡಬೇಡಿ.

ಗೋಡೆ ನಾಲ್ಕು ಅಡಿ ದಾಟಿದರೆ, ಅಥವಾ ಮೇಲೆ ಮನೆ, ರಸ್ತೆ, ವಾಹನ ನಿಲ್ಲುವ ಜಾಗ, ಕಡಿದಾದ ಗುಡ್ಡ ಇದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ವಿನ್ಯಾಸ ಮಾಡಿಸಿ. ಬಸಿಗಾಲುವೆ ಎಷ್ಟೇ ಚೆನ್ನಾಗಿದ್ದರೂ ತೆಳ್ಳಗಿನ ಗೋಡೆ ದಪ್ಪವಾಗುವುದಿಲ್ಲ.

ಹೆಜ್ಜೆ 2: ಮೊದಲು ಹೊರಬಾಯಿ, ಆಮೇಲೆ ಗೋಡೆ

ನಾನು ಎಲ್ಲರಿಗೂ ಮತ್ತೆ ಮತ್ತೆ ಹೇಳುವುದು ಇದನ್ನೇ. ನೀರು ಕೊನೆಗೆ ಎಲ್ಲಿ ಬೆಳಕು ಕಾಣುತ್ತದೆ ಎಂದು ಗೊತ್ತಾಗದೆ ಒಂದು ಬುಟ್ಟಿ ಮಣ್ಣೂ ತೆಗೆಯಬೇಡಿ. ಅಡಿಕೆ ತೋಟದವರಿಗೆ ಇದು ಹೊಸ ಮಾತಲ್ಲ. ಬಸಿಗಪ್ಪು (ತೋಟದ ನೀರು ಬಸಿಯುವ ಕಾಲುವೆ) ತೆಗೆಯುವವರು ಯಾವತ್ತೂ ಹಳ್ಳದ ಕಡೆಯಿಂದ ಶುರು ಮಾಡಿ ಮೇಲಕ್ಕೆ ಬರುತ್ತಾರೆ. ಮನೆಯ ಹಿಂದಿನ ಗೋಡೆಗೆ ಬಂದಾಗ ಅದೇ ಜನ ಇದನ್ನು ಮರೆಯುತ್ತಾರೆ.

ಪಾರದರ್ಶಕ ಪೈಪಿಗೆ ನೀರು ತುಂಬಿ ಮೇಸ್ತ್ರಿಗಳು ಮಟ್ಟ ನೋಡುತ್ತಾರಲ್ಲ, ಅದರಿಂದ ಗೋಡೆಯ ಎರಡೂ ತುದಿ, ಹೊರಬಾಯಿ ಮೂರನ್ನೂ ಅಳೆಯಿರಿ. ಪೈಪಿಗೆ 100ಕ್ಕೆ 1ರಂತೆ ಇಳಿಜಾರು ಬೇಕು, 10 ಮೀಟರಿಗೆ 10 ಸೆಂ.ಮೀ. ಗೋಡೆ ತುಂಬ ಉದ್ದವಿದ್ದರೆ ನಡುವಿನಿಂದ ಎರಡೂ ಕಡೆಗೆ ಇಳಿಸಿ, ಎರಡು ಬಾಯಿ ಕೊಡಿ. ಪಕ್ಕದಲ್ಲಿ ತಗ್ಗು ಇಲ್ಲ, ಮುಂದಿನ ಅಂಗಳ ಸಮತಟ್ಟು ಎಂದಾದರೆ ಪೈಪನ್ನು ಅಂಗಳದ ಮಟ್ಟದಿಂದ ಸ್ವಲ್ಪ ಮೇಲಿಟ್ಟು ಗೋಡೆಯೊಳಗಿನಿಂದಲೇ ಹೊರಗೆ ತಂದು ಸಿಮೆಂಟ್ ಚರಂಡಿಗೆ ಬಿಡಿ. ಬಾಯಿಯಿಂದ ಬಿದ್ದ ನೀರು ಗೋಡೆಯ ಪಾದದಲ್ಲೇ ಇಂಗಿದರೆ ಅಡಿಪಾಯ ಮೆತ್ತಗಾಗುತ್ತದೆ.

ಹೊರಬಾಯಿ ಸಿಗದಾಗ “ಕೊನೆಯಲ್ಲೊಂದು ಗುಂಡಿ ತೋಡಿ ಕಲ್ಲು ತುಂಬಿಸೋಣ” ಎನ್ನುವವರಿದ್ದಾರೆ. ಜೇಡಿಯಲ್ಲಿ ತೋಡಿದ ಗುಂಡಿ ಬಕೆಟ್ ಇದ್ದ ಹಾಗೆ, ತುಂಬಿದ ಮೇಲೆ ನೀರು ಹಿಂದಕ್ಕೆ ಬರುತ್ತದೆ. ಪಕ್ಕದವರ ಜಾಗಕ್ಕೆ ಬಿಡುವುದಾದರೆ ಅವರೊಡನೆ ಮೊದಲೇ ಮಾತಾಡಿ, ಇಬ್ಬರಿಗೂ ಅನುಕೂಲವಾಗುವ ಕಾಲುವೆ ಮಾಡಿಕೊಳ್ಳಿ. ಧರೆಗಿಂತ ವ್ಯಾಜ್ಯ ದೊಡ್ಡದಾಗುವುದು ಬೇಡ.

ಹೆಜ್ಜೆ 3: ಅಗೆಯುವಾಗ ಜೀವ ಮೊದಲು

ಗೋಡೆಯ ಹಿಂಬದಿ ಮತ್ತು ಕಡಿದ ಮಣ್ಣಿನ ನಡುವೆ ಕನಿಷ್ಠ ಒಂದು ಅಡಿ, ಸಾಧ್ಯವಾದರೆ ಒಂದೂವರೆ ಅಡಿ ಜಾಗ ಬೇಕು. ಖರ್ಚು ಉಳಿಸಲು ಧರೆಗೆ ಅಂಟಿಸಿಯೇ ಗೋಡೆ ಕಟ್ಟುವುದು ನಮ್ಮಲ್ಲಿ ರೂಢಿ, ಬಿದ್ದ ನಮ್ಮ ಗೋಡೆಯೂ ಹಾಗೇ ಇತ್ತು. ಅಂಟಿಸಿ ಕಟ್ಟಿದ ಮೇಲೆ ಬೇರೆ ಯಾವ ಉಪಾಯವೂ ಕೆಲಸ ಮಾಡುವುದಿಲ್ಲ.

ಇಡೀ ಧರೆಯನ್ನು ಒಂದೇ ದಿನ ಕಡಿಯಬೇಡಿ. ಹತ್ತು ಹನ್ನೆರಡು ಅಡಿಯ ತುಂಡು ಮಾಡಿಕೊಂಡು, ಒಂದು ಬಿಟ್ಟು ಒಂದರಂತೆ ಕಡಿದು ಕಟ್ಟುತ್ತಾ ಹೋಗಿ. ನೆಟ್ಟಗೆ ಕಡಿಯದೆ ಮೆಟ್ಟಿಲು ಮಾಡಿ ಅಥವಾ ಹಿಂದಕ್ಕೆ ಓರೆ ಕೊಡಿ. ತೆಗೆದ ಮಣ್ಣನ್ನು ಧರೆಯ ಅಂಚಿನಲ್ಲೇ ರಾಶಿ ಹಾಕಬೇಡಿ. ಮೇಲೆ ನೆಲದಲ್ಲಿ ಅಂಚಿಗೆ ಸಮಾನಾಂತರವಾಗಿ ಕೂದಲೆಳೆಯ ಬಿರುಕು ಕಂಡರೂ ಕೆಳಗಿದ್ದವರನ್ನು ತಕ್ಷಣ ಹೊರಗೆ ಕರೆಯಿರಿ. ಎದೆಮಟ್ಟದ ಧರೆಯೂ ಕುಂತು ಕೆಲಸ ಮಾಡುವವನನ್ನು ಪೂರ್ತಿ ಮುಚ್ಚಿಬಿಡುತ್ತದೆ, ಎಳೆದು ತೆಗೆಯುವಷ್ಟರಲ್ಲಿ ಉಸಿರು ನಿಂತಿರುತ್ತದೆ. ಕೂಲಿಗೆ ಬಂದವರ ಜೀವ ನಮ್ಮ ಹೊಣೆ. ಆಧಾರದ ಹಲಗೆ, ಗಳ ಇಲ್ಲದೆ ನಾಲ್ಕು ಅಡಿಗಿಂತ ಎತ್ತರದ ನೆಟ್ಟಗಿನ ಧರೆಯ ಬುಡದಲ್ಲಿ ಯಾರನ್ನೂ ಇಳಿಸಬೇಡಿ.

ಹೆಜ್ಜೆ 4: ಬಟ್ಟೆ, ಪೈಪು, ಜಲ್ಲಿ

ಇಡೀ ಕೆಲಸದ ಹೃದಯ ಇದು. ಜಲ್ಲಿ ನೀರಿಗೆ ದಾರಿ ಕೊಡುತ್ತದೆ. ಜಲ್ಲಿಯೊಳಗೆ ಮಣ್ಣು ಬಾರದ ಹಾಗೆ ಬಟ್ಟೆ ಕಾಯುತ್ತದೆ. ಇಳಿದ ನೀರನ್ನು ಪೈಪು ಹೊರಗೆ ಒಯ್ಯುತ್ತದೆ. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಕೆಲವೇ ವರ್ಷದಲ್ಲಿ ಸೋಲುತ್ತವೆ.

ಬಟ್ಟೆ ಎಂದರೆ ಜಿಯೋಟೆಕ್ಸ್‌ಟೈಲ್. ಅದರಲ್ಲಿ ನೇಯ್ದದ್ದು, ನೇಯದ್ದು ಎಂದು ಎರಡು ಬಗೆ. ನಮಗೆ ಬೇಕಾದ್ದು ಕಂಬಳಿಯ ಹಾಗೆ ಮೆತ್ತಗಿರುವ, ನೇಯದ ಬಗೆ, 150ರಿಂದ 200 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ್ದು. ಟಾರ್ಪಾಲು, ಶೇಡ್ ನೆಟ್, ಹಳೇ ಸಿಮೆಂಟ್ ಚೀಲ ಇದರ ಬದಲಿಗೆ ಆಗುವುದಿಲ್ಲ. ಟಾರ್ಪಾಲು ನೀರನ್ನೇ ಬಿಡುವುದಿಲ್ಲ, ಶೇಡ್ ನೆಟ್ ಮಣ್ಣನ್ನು ತಡೆಯುವುದಿಲ್ಲ, ಚೀಲ ಹರಿಯುತ್ತದೆ. ಬಟ್ಟೆಯನ್ನು ಅಗೆದ ಜಾಗದ ತಳಕ್ಕೆ ಹಾಸಿ, ಮಣ್ಣಿನ ಕಡೆಯ ಮೈಗೆ ಮೇಲಿನವರೆಗೆ ಎಳೆದು, ತುದಿಯನ್ನು ಧರೆಯ ಮೇಲೆ ಕಲ್ಲು ಹೇರಿ ನಿಲ್ಲಿಸಿ. ಕೊನೆಯಲ್ಲಿ ಜಲ್ಲಿಯ ಮೇಲೆ ಅದನ್ನೇ ಮಡಚಿ ಮುಚ್ಚಬೇಕು. ಎರಡು ತುಂಡು ಸೇರುವಲ್ಲಿ ಒಂದು ಅಡಿ ಮೇಲೊಂದು ಬರಲಿ.

ಕೆಲವರು ಬಟ್ಟೆಯನ್ನು ಪೈಪಿಗೇ ಕಾಲುಚೀಲದ ಹಾಗೆ ಸುತ್ತುತ್ತಾರೆ. ಶೇಡಿಯ ನೆಲದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಎಲ್ಲಾ ಕೆಸರು ಸೇರಿ ಹಾಲಿನ ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಬಟ್ಟೆ ಧರೆಯ ಮೈಗಿದ್ದರೆ ಸೋಸುವ ಜಾಗ ನೂರಾರು ಚದರ ಅಡಿ ಸಿಗುತ್ತದೆ, ಒಂದೆರಡು ಕಡೆ ಕಟ್ಟಿಕೊಂಡರೂ ಉಳಿದದ್ದು ನಡೆಯುತ್ತದೆ. ಜಲ ಜೋರಾಗಿ ಏಳುವ ಜಾಗದಲ್ಲಿ, ಮಣ್ಣು ತೀರ ಹಿಟ್ಟಿನಂತಿದ್ದರೆ, ಬಟ್ಟೆಗೂ ಮಣ್ಣಿಗೂ ನಡುವೆ ಮೂರು ನಾಲ್ಕು ಇಂಚು ದಪ್ಪಮರಳು ತುಂಬಿಸಿ. ಮಣ್ಣಿನ ಕಣಕ್ಕಿಂತ ನಾಲ್ಕೈದು ಪಟ್ಟು ದೊಡ್ಡ ಕಣ ಅದನ್ನು ತಡೆದು ನಿಲ್ಲಿಸುತ್ತದೆ, ಅದಕ್ಕಿಂತ ಬಹಳ ದೊಡ್ಡದಾದರೆ ಮಣ್ಣು ಸಂದಿಯಲ್ಲಿ ನುಸುಳುತ್ತದೆ. ಮಣ್ಣಿನ ವಿಜ್ಞಾನಕ್ಕೆ ತಳಹದಿ ಹಾಕಿದ ಕಾರ್ಲ್ ಟೆರ್ಜಾಗಿ ಹೇಳಿದ ಈ ನಿಯಮದ ಮೇಲೆಯೇ ಇಂದಿಗೂ ಅಣೆಕಟ್ಟುಗಳ ಸೋಸುಪದರ ನಿಂತಿದೆ.

ಪೈಪು 4 ಇಂಚಿನದು, ಗಟ್ಟಿ ಪಿವಿಸಿ. ಸುರುಳಿ ಪೈಪು ಅಗ್ಗ, ಆದರೆ ಮುಂದೆ ಕಟ್ಟಿಕೊಂಡಾಗ ಅದರೊಳಗೆ ಸರಳು ಆಡಿಸಲಾಗದು. ಡ್ರಿಲ್ಲಿನಿಂದ 8-10 ಮಿ.ಮೀ. ತೂತುಗಳನ್ನು ಎರಡು ಸಾಲಿನಲ್ಲಿ, ಆರು ಇಂಚಿಗೊಂದರಂತೆ ಕೊರೆಯಿರಿ. ಇಡುವಾಗ ತೂತುಗಳು ಕೆಳಮುಖವಾಗಿರಲಿ, ಗಡಿಯಾರದ 4 ಮತ್ತು 8ರ ಜಾಗದಲ್ಲಿ. ಇದನ್ನು ಹೇಳಿದಾಗ ಮೇಸ್ತ್ರಿಗಳು ನಗುತ್ತಾರೆ, ನೀರು ಮೇಲಿನಿಂದ ಬೀಳುವುದಲ್ಲವೇ ಎನ್ನುತ್ತಾರೆ. ನೀರು ಜಲ್ಲಿಯ ಸಂದಿಯಲ್ಲಿ ತಳಕ್ಕಿಳಿದು ಅಲ್ಲಿಂದ ಮೇಲೇರುತ್ತದೆ. ತೂತು ಕೆಳಗಿದ್ದರೆ ಏರಲು ಶುರುವಾದ ಕೂಡಲೇ ಪೈಪು ಹಿಡಿಯುತ್ತದೆ, ಮೇಲಿದ್ದರೆ ಪೈಪಿನ ನೆತ್ತಿಯವರೆಗೆ ನೀರು ನಿಂತೇ ಇರುತ್ತದೆ. ಎರಡು ಇಂಚು ಜಲ್ಲಿ ಹಾಸಿ, ಅದರ ಮೇಲೆ ಮಟ್ಟ ನೋಡಿ ಪೈಪು ಕೂರಿಸಿ. ಮೇಲಿನ ತುದಿಗೆ ಬೆಂಡ್ ಹಾಕಿ ನೆಲದವರೆಗೆ ತಂದು ಮುಚ್ಚಳ ಕೊಡಿ. ವರ್ಷಕ್ಕೊಮ್ಮೆ ಅಲ್ಲಿಂದ ನೀರು ಬಿಟ್ಟು ತೊಳೆಯಬಹುದು. ಈ ಒಂದು ಬೆಂಡು, ಒಂದು ಮುಚ್ಚಳ ನಿಮ್ಮ ಕೆಲಸದ ಆಯುಸ್ಸನ್ನೇ ಹೆಚ್ಚಿಸುತ್ತದೆ. ಹೊರಬಾಯಿಗೆ ಸ್ಟೀಲ್ ಜಾಲರಿ ಹಾಕಿ, ಇಲ್ಲದಿದ್ದರೆ ಇಲಿ, ಏಡಿ ಒಳಗೆ ಮನೆ ಮಾಡುತ್ತವೆ.

ಜಲ್ಲಿ 20 ಮಿ.ಮೀ.ದು, ಪುಡಿಯಿಲ್ಲದ್ದು. ಟಿಪ್ಪರಿನಿಂದ ಸುರಿದದ್ದನ್ನು ಹಾಗೇ ತುಂಬಬೇಡಿ, ತಳದಲ್ಲಿ ಡಸ್ಟ್ ಇರುತ್ತದೆ. ಪೈಪ್ ನೀರಿನಲ್ಲಿ ತೊಳೆದು ಹಾಕಿ. ಜಂಬಿಟ್ಟಿಗೆಯ ಚೂರು, ಇಟ್ಟಿಗೆ ಪುಡಿ ಬೇಡ, ನೆನೆದು ಕರಗಿ ಕೆಸರಾಗುತ್ತವೆ. 10 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರದ ಗೋಡೆಗೆ ಒಂದು ಅಡಿ ಅಗಲದ ಪದರ ತುಂಬಲು ಸುಮಾರು 4.5 ಘನ ಮೀಟರ್, ಅಂದರೆ 160 ಘನ ಅಡಿ ಬೇಕು. ಅರ್ಧ ಎತ್ತರಕ್ಕೆ ಜಲ್ಲಿ ಹಾಕಿ ಮೇಲೆ ತೆಗೆದ ಮಣ್ಣನ್ನೇ ತುಂಬೋಣ ಎಂಬ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಜಲ ಏಳುವ ಗೆರೆ ಆ ಅರ್ಧಕ್ಕಿಂತ ಮೇಲಿದ್ದರೆ ನೀರು ಜಲ್ಲಿಯನ್ನು ಮುಟ್ಟುವ ಮೊದಲೇ ಗೋಡೆಯನ್ನು ಮುಟ್ಟುತ್ತದೆ. ಮೇಲಿನ ಒಂದು ಅಡಿ ಮಾತ್ರ ಬಿಟ್ಟು ಪೂರ್ತಿ ತುಂಬಿಸಿ.

ಗೋಡೆಯ ಗಾರೆ ಬಲಿಯಲು ಎರಡು ವಾರವಾದರೂ ಕೊಟ್ಟು ಆಮೇಲೆ ತುಂಬಲು ಶುರು ಮಾಡಿ. ಬಟ್ಟೆಯ ಹಿಂದೆ ಉಳಿದ ಖಾಲಿಗೆ ಕೆಂಪು ಗೊಚ್ಚುಮಣ್ಣು ಹಾಕಿ, ಅರ್ಧ ಅಡಿಗೊಮ್ಮೆ ಕೈ ದಿಮ್ಮಸಿನಿಂದ ಬಡಿಯಿರಿ. ಗೋಡೆಯಿಂದ ಮೂರು ಅಡಿಯೊಳಗೆ ಜೆಸಿಬಿಯ ಚಕ್ರ ಬರಬಾರದು.

ಹೆಜ್ಜೆ 5: ಗೋಡೆಯ ಕಣ್ಣುಗಳು

ತಳದ ಪೈಪಿದ್ದರೂ ಗೋಡೆಯಲ್ಲಿ ಬಸಿಗಣ್ಣು, ಅಂದರೆ ನೀರು ಬಸಿಯುವ ತೂತು, ಬೇಕೇ ಬೇಕು. ಪೈಪು ಕಟ್ಟಿಕೊಂಡ ದಿನ ಅವು ಕಾಪಾಡುತ್ತವೆ. 3 ಇಂಚಿನ ಪೈಪಿನ ತುಂಡು, ನಾಲ್ಕು ಅಡಿಗೊಂದು, ಸಾಲಿನಿಂದ ಸಾಲಿಗೆ ಜಾಗ ಬದಲಿಸಿ, ಹೊರಕ್ಕೆ ತುಸು ಇಳಿಜಾರಾಗಿ. ಕೆಳಸಾಲು ಅಂಗಳದಿಂದ ಅರ್ಧ ಅಡಿ ಮೇಲಿರಲಿ. ಪ್ರತಿಯೊಂದರ ಹಿಂಬಾಯಿ ಜಲ್ಲಿಯೊಳಗೇ ತೆರೆಯಬೇಕು, ಬಾಯಿಗೊಂದು ತುಂಡು ಜಾಲರಿ ಇರಬೇಕು.

ಹಿರಿಯರು ಕಟ್ಟಿದ ಕಾಡುಕಲ್ಲಿನ ಪಾಗಾರಗಳಿಗೆ ಇದ್ಯಾವುದೂ ಇರಲಿಲ್ಲವಲ್ಲ ಎಂದು ಕೇಳುತ್ತಾರೆ. ಗಾರೆಯಿಲ್ಲದೆ ಕಟ್ಟಿದ ಪಾಗಾರದಲ್ಲಿ ಪ್ರತಿ ಸಂದಿಯೂ ಬಸಿಗಣ್ಣೇ. ಅದರ ಹಿಂದೆ ಚೂರುಕಲ್ಲು ತುಂಬುತ್ತಿದ್ದದ್ದೂ ಇದಕ್ಕೇ. ಅಂಥ ಹಳೇ ಪಾಗಾರಕ್ಕೆ ಚಂದ ಕಾಣಲೆಂದು ಸಿಮೆಂಟ್ ಪಾಯಿಂಟಿಂಗ್ ಮಾಡಿಸಿದವರು ಒಂದೆರಡು ಮಳೆಗಾಲದಲ್ಲಿ ಅದು ಉಬ್ಬುವುದನ್ನು ನೋಡಿದ್ದಾರೆ. ನಿಮ್ಮಲ್ಲಿ ಅಂಥ ಪಾಗಾರ ಗಟ್ಟಿಯಾಗಿ ನಿಂತಿದ್ದರೆ ಅದನ್ನು ಹಾಗೇ ಬಿಡಿ. ಹೊಸದಾಗಿ ಕಟ್ಟುವಾಗಲೂ ಎತ್ತರ ಕಡಿಮೆಯಿದ್ದರೆ, ಬಲ್ಲ ಕೆಲಸಗಾರರು ಸಿಕ್ಕರೆ, ಒಳಕ್ಕೆ ವಾಲಿಸಿ ಕಟ್ಟಿದ ಒಣಕಲ್ಲಿನ ಗೋಡೆಯೇ ನನ್ನ ಮೊದಲ ಆಯ್ಕೆ.

ಹೆಜ್ಜೆ 6: ಮೇಲಿನ ಮುಚ್ಚಳ ಮತ್ತು ಮೇಲ್ಗಾಲುವೆ

ಜಲ್ಲಿಯ ಮೇಲೆ ಬಟ್ಟೆ ಮಡಚಿದ ನಂತರ ಉಳಿದ ಒಂದು ಅಡಿಗೆ ಜೇಡಿಮಣ್ಣನ್ನೇ ತುಂಬಿ, ಗಟ್ಟಿಯಾಗಿ ಬಡಿದು, ನೀರು ನಿಲ್ಲದ ಹಾಗೆ ಓರೆ ಮಾಡಿ. ಈ ಜಾಗದಲ್ಲಿ ಜೇಡಿಯ ಗುಣವೇ ನಮಗೆ ಉಪಕಾರ. ಮೇಲ್ಮೈ ನೀರು ಜಲ್ಲಿಯೊಳಗೆ ಇಳಿಯಬಾರದು. ಅದು ಭೂಮಿಯೊಳಗಿಂದ ಬರುವ ನೀರಿಗೆ ಮಾತ್ರ.

ಗೋಡೆಯಿಂದ ಮೂರು ನಾಲ್ಕು ಅಡಿ ಹಿಂದೆ ಮೇಲ್ಗಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿ. ಅದಕ್ಕೆ ಸಿಮೆಂಟ್ ಮೆತ್ತಿಸಿ, ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಸಿ. ಬರೀ ಮಣ್ಣಿನ ಕಾಲುವೆ ನೀರನ್ನು ದಾಟಿಸುವುದಕ್ಕಿಂತ ಹೆಚ್ಚು ಗೋಡೆಯ ಬೆನ್ನಿಗೆ ಇಳಿಸುತ್ತದೆ.

ಎರೆಮಣ್ಣಿನ ಊರಿನವರಿಗೆ ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯ. ಧಾರವಾಡ, ಗದಗ, ವಿಜಯಪುರದ ಕಡೆ ಮಳೆ ಕಡಿಮೆ. ಆದರೆ ಬೇಸಿಗೆಯಲ್ಲಿ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಅಡ್ಡಮಳೆಯ ನೀರು ನೇರ ಬಿರುಕಿಗೆ ಇಳಿದು ಮಣ್ಣು ಉಬ್ಬುತ್ತದೆ. ಆ ಉಬ್ಬು ನೀರಿನ ಒತ್ತಡಕ್ಕಿಂತ ಬೇರೆ, ಅದನ್ನು ಪೈಪು ತಗ್ಗಿಸುವುದಿಲ್ಲ. ಅಲ್ಲಿ ಗೋಡೆಯ ಹಿಂದೆ ಎರಡು ಮೂರು ಅಡಿ ಎರೆಯನ್ನು ಪೂರ್ತಿ ತೆಗೆದು ಮೊರಂ ತುಂಬಿ, ಜಲ್ಲಿಯ ಪದರ ಕೊಟ್ಟು, ಮೇಲ್ಭಾಗ ಬಿರುಕು ಬಿಡದ ಹಾಗೆ ಮೊರಂನಿಂದಲೇ ಮುಚ್ಚಬೇಕು. ಎರೆಯನ್ನು ಮುಚ್ಚಳಕ್ಕೂ ಬಳಸಬಾರದು.

ಗೋಡೆಯ ಮೇಲೆ ಏನು ನೆಡಬಹುದು? ಹಲಸು, ಆಲದ ಜಾತಿ, ಬಿದಿರು ಬೇಡ. ಲಾವಂಚ ಒಳ್ಳೆಯದು, ಬೇರು ನೆಟ್ಟಗೆ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಹೂವಿನ ಗಿಡಕ್ಕೆ ನೀರು ಹಾಕುವುದು ಹನಿ ನೀರಾವರಿಯಲ್ಲಿ ಸಾಕು.

ಈಗಾಗಲೇ ಗೋಡೆ ಇದ್ದರೆ

ಹೆಚ್ಚಿನವರ ಸ್ಥಿತಿ ಇದೇ. ಒಡೆದು ಕಟ್ಟಲು ಎಲ್ಲರಿಂದಲೂ ಆಗುವುದಿಲ್ಲ. ಮೊದಲು ಮೇಲಿನ ನೀರಿನ ದಾರಿ ತಪ್ಪಿಸಿ, ಮೇಲ್ಗಾಲುವೆ ಮಾಡಿಸಿ. ಆಮೇಲೆ ಬೇಸಿಗೆಯಲ್ಲಿ ಕೋರ್ ಕಟ್ಟರಿನಿಂದ ಗೋಡೆಗೆ ಕೆಳಸಾಲಿನಲ್ಲಿ ಹೊಸ ಕಣ್ಣು ಕೊರೆಸಿ, ತೂತು ಮಾಡಿದ ಪೈಪಿಗೆ ಜಿಯೋಟೆಕ್ಸ್‌ಟೈಲ್ ಸುತ್ತಿ ಎರಡು ಮೂರು ಅಡಿ ಧರೆಯೊಳಕ್ಕೆ, ತುಸು ಮೇಲ್ಮುಖವಾಗಿ ತೂರಿಸಿ. ಜಲ್ಲಿಗೆ ಜಾಗವಿಲ್ಲದ ಕಡೆ ಪೈಪಿಗೆ ಬಟ್ಟೆ ಸುತ್ತುವುದು ಅನಿವಾರ್ಯ. ಅವು ಕೆಲವು ವರ್ಷಕ್ಕೆ ಕಟ್ಟಿಕೊಳ್ಳುತ್ತವೆ, ತೆಗೆದು ಬದಲಿಸುವ ಹಾಗೆ ಸಡಿಲವಾಗಿ ಕೂರಿಸಿ.

ಹೊಟ್ಟೆ ಬಂದಿದೆಯೇ ಎಂದು ಕಣ್ಣಳತೆಯಲ್ಲಿ ಹೇಳಬೇಡಿ. ತೂಗುಗುಂಡು ಇಳಿಬಿಟ್ಟು, ನಡುವೆ ಎಷ್ಟು ಅಂತರವಿದೆ ಎಂದು ಅಳೆದು ಗೋಡೆಯ ಮೇಲೇ ತಾರೀಖು ಸಮೇತ ಬರೆಯಿರಿ. ತಿಂಗಳಿಗೊಮ್ಮೆ ನೋಡಿ. ಮಳೆಗಾಲದಲ್ಲಿ ಅಂತರ ಹೆಚ್ಚುತ್ತಿದ್ದರೆ ಅಂಥ ಗೋಡೆಗೆ ಕಣ್ಣು ಕೊರೆಯಲು ಹೋಗಬೇಡಿ, ಎಂಜಿನಿಯರ್ ನೋಡಬೇಕು.

ಜೋರು ಮಳೆಯಲ್ಲಿ ಇವುಗಳಲ್ಲಿ ಯಾವುದು ಕಂಡರೂ ಆ ಬದಿಯ ಕೋಣೆಯಲ್ಲಿ ಮಲಗಬೇಡಿ: ಧರೆಯ ಮೇಲೆ ಹೊಸ ಬಿರುಕು, ತಿಳಿಯಾಗಿ ಬರುತ್ತಿದ್ದ ಜಲ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ಪೂರ್ತಿ ನಿಂತುಬಿಡುವುದು, ಮರ ಅಥವಾ ಕಂಬ ವಾಲುವುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದ ಗುಡ್ಡಕುಸಿತವನ್ನು ಕಂಡ ಮೇಲೆ ಒಂದು ರಾತ್ರಿ ಬೇರೆಯವರ ಮನೆಯಲ್ಲಿ ಮಲಗುವುದಕ್ಕೆ ಸಂಕೋಚಪಡಬಾರದು. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತಿಗೆ 112.

ವರ್ಷಕ್ಕೆ ಎರಡು ಸಲ

ಮೇ ಕೊನೆಯಲ್ಲಿ ಮೇಲ್ಗಾಲುವೆಯ ತರಗೆಲೆ ತೆಗೆದು, ಮುಚ್ಚಳ ಬಿಚ್ಚಿ ಪೈಪಿಗೆ ನೀರು ಬಿಟ್ಟು ತೊಳೆಯಿರಿ. ಬಸಿಗಣ್ಣುಗಳಿಗೆ ಕಡ್ಡಿ ಆಡಿಸಿ, ಕಣಜದ ಗೂಡು ಇರುತ್ತದೆ, ಜಾಗ್ರತೆ.

ಎರಡನೆಯದು ಮಳೆ ಹಿಡಿದುಕೊಂಡ ಮೇಲೆ. ಹೊರಬಾಯಿಗೆ 15 ಲೀಟರಿನ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದಿಡಿ. ಪಕ್ಕದಲ್ಲಿ ಆ ವಾರದ ಮಳೆ ಹೇಗಿತ್ತೆಂದೂ ಬರೆಯಿರಿ. ನಾನು ಪ್ರತಿ ವರ್ಷ ಪುನರ್ವಸು ಮಳೆಯಲ್ಲಿ ಅಳೆಯುತ್ತೇನೆ. ಅಂಥದೇ ಮಳೆಗೆ ಬಕೆಟ್ ತುಂಬುವ ಹೊತ್ತು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋದರೆ ಒಳಗೆ ಕಟ್ಟಿಕೊಳ್ಳುತ್ತಿದೆ. ನೀರು ಕದಡಿ ಬಂದರೆ ಎಲ್ಲೋ ಬಟ್ಟೆ ಹರಿದು ಮಣ್ಣು ಹೊರಗೆ ಹೋಗುತ್ತಿದೆ, ಮೇಲೆ ನೆಲ ತಗ್ಗಾದ ಜಾಗ ಹುಡುಕಿದರೆ ಹರಿದದ್ದು ಎಲ್ಲಿ ಎಂದು ಸಿಗುತ್ತದೆ. ಆ ಜಾಗವನ್ನು ಮುಂದಿನ ಬೇಸಿಗೆಯಲ್ಲಿ ಬಿಡಿಸಿ, ಹೊಸ ತುಂಡು ಬಟ್ಟೆ ಎರಡು ಅಡಿ ಹೆಚ್ಚಾಗಿ ಹಾಸಿ ಮುಚ್ಚಿ.